ಬೊಮ್ಮಯ್ಯನ ಬಾಣಂತನ

ಕಾವಿಗೆ ಕೂತಿದ್ದ ಕರಿಕೋಳಿಯನ್ನು ನಾಗಮ್ಮಾಳ್ ರೆಕ್ಕೆ ಹಿಡಿದು ಎತ್ತಿದಾಗ ಅವಳ ಮಗ ಬೊಮ್ಮಯ್ಯ ಹಾಕಿದ ಬೊಬ್ಬೆಗೆ ಪೆರಿಯಕುಳದ ತೋಪುಗಳಲ್ಲಿ ಮಾವಿನಕಾಯಿ ಉದುರಿದವು. ಇವರ ಊರು ತೇನಿಯಿಂದ ಪೆರಿಯಕುಳ ಎಷ್ಟು ದೂರ ಅಂತ ಗೊತ್ತಿದ್ದವರು ನಂಬಲಿಕ್ಕಿಲ್ಲ. ಹೋಗಿ ಮರಗಳನ್ನೇ ಕೇಳಿಕೊಳ್ಳಲಿ.

“ಅವ್ವಾ, ಕೆಳಗಿಡು! ಹದಿನೆಂಟು ದಿನ ಆಗೈತೆ, ಇನ್ನು ಮೂರೇ ದಿನ!”

“ಮೂರು ದಿನ ಮಾರಿಯಮ್ಮ ಕಾಯ್ತಾಳೇನ್ಡಾ? ನನ್ನ ಮಂಡಿನೋವಿಗೆ ಹರಕೆ ಹೊತ್ತ ಕೋಳಿ ಇದು. ಈ ಮಂಗಳವಾರ ಒಪ್ಪಿಸ್ತೀನಿ ಅಂದಿದ್ದೆ, ಒಪ್ಪಿಸ್ತೀನಿ. ನಾನು ಬೋಡಿಗೆ ಮಗಳ ಮನೆಗೆ ಹೋಗಿದ್ದಾಗ ದೇವರ ಕೋಳಿ ಕೆಳಗೆ ಕಂಡವರ ಮೊಟ್ಟೆ ತುರುಕಿದ್ದು ಯಾರು, ನಾನಾ?”

ಕಂಡವರ ಮೊಟ್ಟೆ! ಅವು ಮದರಾಸಿನ ದೊರೆಯೊಬ್ಬನಿಗೆ ಕಾಗದ ಬರೆಸಿ ತಪಾಲಿನಲ್ಲಿ ತರಿಸಿದ ಹನ್ನೆರಡು ವಿಲಾಯತಿ ಮೊಟ್ಟೆಗಳು. ತವುಡು ತುಂಬಿದ ಪೆಟ್ಟಿಗೆಯೊಳಗೆ ಮಲಗಿ ರೈಲಿನಲ್ಲಿ ಅಮ್ಮಯನಾಯಕನೂರಿಗೆ ಬಂದು, ಎತ್ತಿನ ಗಾಡಿ ಹತ್ತಿ, ಕೊನೆಗೆ ಅಂಚೆಯಾಳಿನ ತಲೆಯೇರಿ ಮೆರವಣಿಗೆಯಲ್ಲಿ ಮನೆ ಸೇರಿದ್ದವು. ಬೊಮ್ಮಯ್ಯ ಅವತ್ತೇ ಸಂತೆಯಲ್ಲಿ ನಿಂತು, ಹುಟ್ಟುವ ಹುಂಜ ಕರುವಿನಷ್ಟು ಎತ್ತರ ಬೆಳೆಯುತ್ತದೆ, ಅದು ತೇನಿಯಲ್ಲಿ ಕೂಗಿದರೆ ದೂರದ ಕಂಬಂ ಊರಲ್ಲಿ ಬೆಳಗಾಗುತ್ತದೆ ಎಂದು ಸಾರಿದ್ದ. ಅವನ ಹೆಂಡತಿಯ ಅಣ್ಣ ಲಕ್ಷ್ಮಣನ್ ಹೊಟ್ಟೆ ಹಿಡಿದುಕೊಂಡು ನಕ್ಕ. “ತಪಾಲಲ್ಲಿ ಕಾಗದ ಬರ್ತೈತೆ, ಕೋಳಿ ಬರ್ತೈತಾ ಮಚ್ಚಾನ್? ಇವತ್ತಿನ ಶನಿವಾರನೂ ಸೇರಿ ನಾಲ್ಕನೇ ಶನಿವಾರದ ಸಂತೆಗೆ ಒಂದೇ ಒಂದು ಮರಿ ತೋರ್ಸು. ಇಲ್ಲಾಂದ್ರೆ ಒಂದು ವರ್ಷ ಸಂತೆಯಲ್ಲಿ ಬಾಯಿ ಬಿಡಂಗಿಲ್ಲ.” ಬೊಮ್ಮಯ್ಯ ಒಂದು ವರ್ಷ ಅನ್ನ ಬಿಟ್ಟಾನು, ಒಂದು ವರ್ಷ ಮಾತು ಬಿಟ್ಟರೆ ಉಬ್ಬಿ ಒಡೆದೇ ಹೋದಾನು. ಆದರೂ ಹೂಂ ಎಂದುಬಿಟ್ಟಿದ್ದ.

ಈಗ ಕೋಳಿ ಮಾರಿಯಮ್ಮನ ಗುಡಿಯ ದಾರಿ ಹಿಡಿದಿತ್ತು. ಊರಲ್ಲಿ ಹುಡುಕಿದರೂ ಕಾವಿಗೆ ಕೂತ ಇನ್ನೊಂದು ಕೋಳಿ ಸಿಗಲಿಲ್ಲ. ಬುಟ್ಟಿಯಲ್ಲಿ ಮೊಟ್ಟೆಗಳು ಆರತೊಡಗಿದ್ದವು.

“ಅಷ್ಟು ಸಂಕಟ ಆದ್ರೆ ನೀವೇ ಕೂತ್ಕೊಳ್ಳಿ ಮಾಮಾ,” ಅಂದಳು ಹೆಂಡತಿ ಪೇಚ್ಚಿಯಮ್ಮಾಳ್.

ಅವಳು ಅಂದದ್ದು ತಮಾಷೆಗೆ. ಬೊಮ್ಮಯ್ಯ ಅಂಗಿ ಬಿಚ್ಚಿದ. ಹತ್ತಿ ಹಾಸಿ, ಹನ್ನೆರಡೂ ಮೊಟ್ಟೆಗಳನ್ನು ಹೊಟ್ಟೆಯ ಮೇಲೆ ಜೋಡಿಸಿ, ಹೆಂಡತಿಯ ಹಳೇ ಸೀರೆಯಲ್ಲಿ ಸುತ್ತಿಸಿಕೊಂಡು ಅಂಗಾತ ಮಲಗಿದ. ಮೂರು ದಿನ ಮಗ್ಗುಲು ಬದಲಿಸಲಿಲ್ಲ. ಬಂದ ಸೀನನ್ನು ಮೂಗಿನಲ್ಲೇ ಹಿಡಿದು ಶನಿವಾರಕ್ಕೆಂದು ಎತ್ತಿಟ್ಟ. ಪೇಚ್ಚಿಯಮ್ಮಾಳ್ ಗಂಜಿ ಕುಡಿಸಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಹೊರಗೋಡುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಹೊಕ್ಕುಳ ಹತ್ತಿರ ಟಕ್ ಎಂದಿತು. ಮಧ್ಯಾಹ್ನದ ಹೊತ್ತಿಗೆ ಒಂಬತ್ತು ಮರಿಗಳು ಅವನ ಎದೆಯ ಮೇಲೆ ಓಡಾಡುತ್ತಿದ್ದವು. ಒಂದೊಂದೂ ಆನೆಮರಿಯಷ್ಟಿತ್ತು, ನೋಡುವವರ ಕಣ್ಣು ಸಣ್ಣದಾದ್ದರಿಂದ ನಿಂಬೆಹಣ್ಣಿನಷ್ಟು ಕಂಡವು.

ಶನಿವಾರ ಬೊಮ್ಮಯ್ಯ ರುಮಾಲು ಸುತ್ತಿ ಬುಟ್ಟಿ ಎತ್ತಿದರೆ ಬಾಗಿಲಿಗೆ ಒನಕೆ ಅಡ್ಡ ಬಂತು.

“ಎಲ್ಲಿಗೆ?” ಅಂದಳು ನಾಗಮ್ಮಾಳ್. “ಹಸಿ ಬಾಣಂತಿ ಹೊಸ್ತಿಲು ದಾಟೋದುಂಟಾ? ಹನ್ನೊಂದು ದಿನ ಪುರುಡು.”

“ಅವ್ವಾ, ನಾನು ಗಂಡಸು!”

“ಅದೆಲ್ಲಾ ನನಗೆ ಗೊತ್ತಿಲ್ಲ. ಮರಿ ಕಣ್ಣು ಬಿಟ್ಟಿದ್ದು ಯಾರ ಹೊಟ್ಟೆ ಮೇಲೆ? ಕೋಳಿ ಒಪ್ಪಿಸಿದಾಗಿನಿಂದ ನನ್ನ ಮಂಡಿ ನೋಯ್ತಾ ಇಲ್ಲ. ನೀನು ಮೈಲಿಗೆಯಲ್ಲಿ ಅಮ್ಮನ ಬೀದಿ ದಾಟಿ ನೋವು ತಿರುಗಿ ಬಂದ್ರೆ, ಹೊರೋರು ಯಾರು, ನಿನ್ನ ವಿಲಾಯತಿ ದೊರೆಯಾ?”

ಬೊಮ್ಮಯ್ಯ ಅತ್ತ, ಕಾಲು ಹಿಡಿದ. ನಾಗಮ್ಮಾಳ್ ಅವನ ರುಮಾಲು ಬಿಚ್ಚಿ, ಅದರಲ್ಲೇ ಕಿವಿ ಮುಚ್ಚುವಂತೆ ತಲೆಗೆ ಕಟ್ಟಿ, ಸಾಂಬ್ರಾಣಿ ಹೊಗೆ ಹಾಕಿ, ಬೆಳ್ಳುಳ್ಳಿ ಮೆಣಸಿನ ಸಾರು ಕೊಟ್ಟು ಮೂಲೆಯಲ್ಲಿ ಕೂರಿಸಿದಳು. ಇನ್ನು ದಾರಿ ಒಂದೇ. ಅವನು ಇದ್ದುದರಲ್ಲಿ ಗಟ್ಟಿಯಾದ ಮರಿಯನ್ನು ಆರಿಸಿ ಹೆಂಡತಿಯ ಕೈಗೆ ಕೊಟ್ಟ.

“ಪೇಚ್ಚೀ, ನಿನ್ನ ಅಣ್ಣನ ಮುಂದೆ ಇದ್ದದ್ದನ್ನ ಇದ್ದ ಹಂಗೇ ಹೇಳು. ಉಪ್ಪು ಖಾರ ಏನೂ ಬೇಡ. ಮೊಟ್ಟೆ ಮದರಾಸಿಂದ ತಪಾಲಲ್ಲಿ ಬಂತು, ಮರಿ ಆಯ್ತು. ಅಷ್ಟೇ.”

ಹುಟ್ಟಿದಾಗಿನಿಂದ ಬೊಮ್ಮಯ್ಯ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು ಇಲ್ಲ, ಹೇಳಿಸಿದ್ದೂ ಇಲ್ಲ. ಅವಳು ಹೋದಮೇಲೆ ಎಂಟು ಮರಿಗಳನ್ನು ಮಡಿಲಿಗೆ ಹಾಕಿಕೊಂಡು ಬಾಗಿಲನ್ನೇ ನೋಡುತ್ತಾ ಕೂತ. ಎತ್ತಿಟ್ಟ ಸೀನು ಕೂಡ ನೆನಪಾಗಲಿಲ್ಲ.

ಹೊತ್ತು ಇಳಿಯುವಾಗ ಪೇಚ್ಚಿಯಮ್ಮಾಳ್ ಬಂದಳು. ಮರಿಯನ್ನು ಅವನ ಮಡಿಲಿಗೆ ಬಿಟ್ಟು, ಚೊಂಬು ನೀರು ಗಟಗಟ ಕುಡಿದಳು.

“ಏನಾಯ್ತೇ?”

“ಅಣ್ಣ ಒಪ್ಕೊಂಡ. ನಿಮ್ಮ ಬಾಯಿ ಉಳೀತು ಮಾಮಾ.”

ಬೊಮ್ಮಯ್ಯನ ಎದೆ ಉಬ್ಬಿ ಮರಿಗಳು ಜಾರಿ ಬಿದ್ದವು. “ಮತ್ತೆ? ತಪಾಲಲ್ಲಿ ಬಂತು ಅಂದಾಗ ಬಾಯಿ ಬಿಟ್ಕೊಂಡು ನಿಂತನಾ?”

“ಎಲ್ಲಿ? ಸಂತೆಗೆ ಸಂತೆಯೇ ನಕ್ಕುಬಿಡ್ತು. ತಪಾಲಲ್ಲಿ ಮೊಟ್ಟೆ ಬರ್ತೈತಾ, ಗಂಡನಿಗಿಂತ ಹೆಂಡತಿ ಸುಳ್ಳಿ ಅಂದ್ರು.” ಪೇಚ್ಚಿಯಮ್ಮಾಳ್ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. “ಅದಕ್ಕೇ ಮೊಟ್ಟೆ ಇಟ್ಟದ್ದೂ ನೀವೇ ಅಂದೆ. ಆಗ ನಂಬಿದ್ರು.”