ಸೂರಿನ ಮೇಲಿನ ಕುಂಬಳ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಆ ವರ್ಷ, ಚರ್ಚಿನ ಸುಗ್ಗಿ ಹಬ್ಬದ ಬೆಳಿಗ್ಗೆ ಹಾರಂಗಿ ಹೊಳೆಯ ಮಂಜು ಕಿಟಕಿ ದಾಟಿ ಒಳಗೇ ಬಂದಿತ್ತು. ಸಲೋಮಿ ತಂದಿಟ್ಟ ಕುಂಬಳಕಾಯಿ ಎಲ್ಲರ ಕಾಣಿಕೆಗಿಂತ ದೊಡ್ಡದು. ಆದರೆ ಅಮ್ಮನ ಮಡಿಲಲ್ಲಿ ಕಲಿತ ಸ್ತುತಿಗೀತೆಯೇ ಇಂದು ಅವಳ ಗಂಟಲಿನಿಂದ ಏಳಲಿಲ್ಲ.

ಬಳ್ಳಿ ಅವಳದೇ; ಕಾಯಿ ಬಿಟ್ಟದ್ದು ನೆರೆಮನೆ ಹುಚ್ಚಮ್ಮನ ಸೂರಿನ ಮೇಲೆ. ಸೂರಿನ ಮೇಲಿನ ಕಾಯಿ ಸೂರಿನವರಿಗೆ ಎಂಬುದು ಊರ ವಾಡಿಕೆ. ಸಲೋಮಿ ನಸುಕಿನಲ್ಲಿ ಕೇಳದೆ ಕೊಯ್ದಿದ್ದಳು. “ಎದೆ ಭಾರ ಇಟ್ಕೊಂಡು ಹಾಡಿದ್ರೆ ಸ್ತುತಿ ಮೇಲೇಳಲ್ಲ ಮಗಾ,” ಅನ್ನುತ್ತಿದ್ದಳು ಅಮ್ಮ.

ಹಾಡಿನ ನಡುವೆಯೇ ಅವಳು ಕಾಯಿಯನ್ನೆತ್ತಿಕೊಂಡು ಹೊರನಡೆದಳು.

“ಏನೇ, ನನ್ ಸೂರಿನ ಕಾಯಿ ನಿನ್ ದೇವ್ರಿಗೆ ರುಚಿಸ್ಲಿಲ್ವಾ?” ಹುಚ್ಚಮ್ಮ ಜಗಲಿಯಿಂದಲೇ ಕೆಣಕಿದಳು.

“ಇದು ನಿಂದು ಅಂತ ಅವನಿಗೆ ಗೊತ್ತಕ್ಕಾ.”

ಚರ್ಚಿನಿಂದ ಹಾಡಿನ ಕೊನೆಯ ಚರಣ ಕೇಳುತ್ತಿತ್ತು. ಅದಕ್ಕೆ ದನಿಗೂಡಿಸುತ್ತಲೇ ಸಲೋಮಿ ಕುಂಬಳವನ್ನು ಹುಚ್ಚಮ್ಮನ ಮಡಿಲಿಗಿಟ್ಟಳು.