ಕಾಫಿ ಅಂಗಡಿಯ ಹಳಿಕಂಬ

ರೈಲ್ವೆ ಅಧಿಕಾರಿ ಕೆಂಪು ಬಣ್ಣದ ಡಬ್ಬಿಯ ಮುಚ್ಚಳ ತೆಗೆದು, ಕೊಕೊಮ್‌ಳ ಕಾಫಿ ಅಂಗಡಿಯ ಗೋಡೆಗೆ ಗುರುತು ಹಾಕಲು ಬ್ರಷ್ ಎತ್ತಿದಾಗ ಅವಳು ಎಣ್ಣೆಯಲ್ಲಿ ಸೋಯಾ ಕಾಳಿನ ತೆಂಪೆ ಬಿಲ್ಲೆ ಹೊರಳಿಸುತ್ತಿದ್ದಳು. ಒಲೆ ಆರಿಸಲಿಲ್ಲ. ಗೋಡೆ ಹೋದರೂ ಸರಿ, ತೆಂಪೆ ಸೀಯಬಾರದು ಎನ್ನುವ ಹೆಂಗಸು ಅವಳು.

“ಏನ್ ಪಾಕ್, ನಮ್ಮನೆಗೆ ಬಣ್ಣ ಹೊಡಿಯೋಕೆ ಬಂದ್ರಾ? ಹಬ್ಬ ಇನ್ನೂ ದೂರ ಇದೆಯಲ್ಲ,” ಎಂದಳು. ಆ ಊರಲ್ಲಿ ಗಂಡಸರಿಗೆ ‘ಪಾಕ್’, ಹೆಂಗಸರಿಗೆ ‘ಬು’ ಎನ್ನುವುದು ಮರ್ಯಾದೆ.

“ಇದು ರೈಲ್ವೆ ಜಾಗ, ಬು. ಹಿಂದೆ ಇಲ್ಲಿ ರೈಲು ಓಡ್ತಿತ್ತು. ಅಂಗಡಿ, ಹಿಂದಿರೋ ಮನೆ, ಎರಡನ್ನೂ ತಿಂಗಳೊಳಗೆ ಖಾಲಿ ಮಾಡ್ಬೇಕು.”

ಇದನ್ನು ಕಂಡುಹಿಡಿದ ಮಹಾನುಭಾವ ಅಧಿಕಾರಿಯ ಬೆನ್ನ ಹಿಂದೆಯೇ ನಿಂತಿದ್ದ. ಹೆಸರು ಯುದಿಸ್ತಿರ; ಹೆಸರಿನ ಭಾರಕ್ಕೆ ತಕ್ಕಂತೆ ಸತ್ಯಶೋಧನೆಯೇ ಅವನ ಹವ್ಯಾಸ. ಬೋಗೋರ್‌ನಿಂದ ಜಕಾರ್ತಾಗೆ ದಿನಾ ಲೋಕಲ್ ರೈಲಿನಲ್ಲಿ ಕೆಲಸಕ್ಕೆ ಹೋಗುವವರು ನಿಂತಲ್ಲೇ ನಿದ್ದೆ ಹೊಡೆದರೆ, ಇವನು ಕಿಟಕಿಗೆ ಮೂಗು ಒತ್ತಿ ಡಚ್ಚರ ಕಾಲದ ಸತ್ತ ಹಳಿಗಳನ್ನು ಹುಡುಕುತ್ತಿದ್ದ. ಮರಗೆಣಸಿನ ಹಿಟ್ಟಿನ ಗಿರಣಿಯೊಂದಕ್ಕೆ ಕವಲು ಹಾದಿ ಇತ್ತೆಂದು ಎಲ್ಲೋ ಓದಿದ್ದ. ಕೊಕೊಮ್‌ಳ ಅಂಗಡಿಯ ಸೂರು ಹೊತ್ತ ಕಂಬ ರೈಲು ಹಳಿಯದು. ಐವತ್ತು ಮಾರು ಆಚೆ, ಓಣಿಯ ಕಾವಲು ಕಟ್ಟೆಯಲ್ಲಿ ಗಂಟೆಯಾಗಿ ತೂಗುತ್ತಿದ್ದದ್ದೂ ಹಳಿಯ ತುಂಡೇ. ಎರಡು ಚುಕ್ಕೆ ಸಿಕ್ಕವು, ಗೆರೆ ಎಳೆಯಲು ಇನ್ನೇನು ಬೇಕು? ಗೆರೆ ನೇರವಾಗಿ ಕೊಕೊಮ್‌ಳ ಅಡುಗೆಮನೆಯ ಮೇಲೆ ಹಾದುಹೋಯಿತು. ಫೇಸ್‌ಬುಕ್ಕಿನಲ್ಲಿ ಹನ್ನೊಂದು ಸಾವಿರ ಜನ ಮೆಚ್ಚಿದರು. ಅವರಲ್ಲಿ ರೈಲ್ವೆಯವರೂ ಇದ್ದರು.

“ನೀವು ಹೆಮ್ಮೆ ಪಡ್ಬೇಕು, ಬು. ನಿಮ್ಮನೆ ಇತಿಹಾಸದ ಮೇಲೆ ನಿಂತಿದೆ,” ಎಂದ ಯುದಿಸ್ತಿರ.

“ಇಷ್ಟು ದಿನ ಸಿಮೆಂಟಿನ ಮೇಲೆ ನಿಂತಿದೆ ಅಂದ್ಕೊಂಡಿದ್ದೆ ಕಣಪ್ಪ.”

“ನಮ್ಮಜ್ಜನೂ ಇಲ್ಲಿ ರೈಲಿನ ಕೂಗು ಕೇಳಿದ್ದ,” ಎಂದು ಓಣಿಯ ಮುಖ್ಯಸ್ಥ ಜುಮ್ಹಾನಾ ಸಾಕ್ಷಿ ಹೇಳಿದ. ಅವನ ಅಜ್ಜ ಹುಟ್ಟು ಕಿವುಡನೆಂಬುದು ಓಣಿಗೆಲ್ಲ ಗೊತ್ತಿತ್ತು. ರೈಲ್ವೆಯವರು ಖಾಲಿ ಮಾಡಿಸಿದ ಜಾಗ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ, ಅಲ್ಲಿ ಹಾಯಾಗಿ ಬ್ಯಾಡ್ಮಿಂಟನ್ ಆಡಬಹುದೆಂಬುದು ಅವನ ದೂರಾಲೋಚನೆ.

ಕಂಬದ ಸತ್ಯ ಕೊಕೊಮ್‌ಗೆ ಗೊತ್ತಿತ್ತು. ಲೋಕಲ್ ರೈಲಿನ ಹಳೆಯ ಹಳಿ ಕಿತ್ತು ಹೊಸದು ಹಾಕುವಾಗ, ಸ್ಟೇಷನ್ ಬಳಿಯ ರಾಶಿಯಿಂದ ಅವಳ ಗಂಡ ಮಕ್ಮುರ್ ಒಂದು ತುಂಡನ್ನು ಕದ್ದು ತಂದಿದ್ದ. ಆಮೇಲೆ ಹಜ್ ಯಾತ್ರೆ ಮಾಡಿ ಬಂದು, ಸಾಯುವ ತನಕ ಓಣಿಯ ಮಸೀದಿಯಲ್ಲಿ ಬಾಂಗ್ ಕೂಗಿದ. ಮುಂದಿನ ಗುರುವಾರಕ್ಕೆ ಅವನು ತೀರಿಕೊಂಡು ಸಾವಿರ ದಿನ. ಇಡೀ ಓಣಿ ಬಂದು ಅವನಿಗಾಗಿ ಪ್ರಾರ್ಥಿಸಿ, ಉಂಡು ಹೋಗುವುದಿತ್ತು. ಬಾಯಿ ಬಿಟ್ಟರೆ ಹಾಜಿ ಕಳ್ಳನಾಗುತ್ತಾನೆ, ಬಿಡದಿದ್ದರೆ ಮನೆ ಹೋಗುತ್ತದೆ. ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಒಲೆ ಆರಿಸಿದಳು.

“ಅದು ಕದ್ದ ಮಾಲು, ಪಾಕ್. ನಮ್ಮೆಜಮಾನ್ರು ಸ್ಟೇಷನ್ ಹತ್ರದಿಂದ ಹೊತ್ಕೊಂಡು ಬಂದಿದ್ದು. ಕಂಬಕ್ಕೆ ಉದ್ದ ಜಾಸ್ತಿ ಆಯ್ತು. ಕೊಯ್ದು, ಉಳಿದಿದ್ದನ್ನ ಕಾವಲು ಕಟ್ಟೆಗೆ ದಾನ ಕೊಟ್ರು, ಕಳ್ಳರು ಬಂದ್ರೆ ಬಡಿಯೋಕೆ.”

ಬೆಂಚಿನ ಮೇಲಿದ್ದ ಗಿರಾಕಿಗಳು ಕಾಫಿ ಕುಡಿಯುವುದನ್ನು ನಿಲ್ಲಿಸಿದರು. “ಸತ್ತೋರ ಬಗ್ಗೆ ಹಿಂಗೆಲ್ಲ ಮಾತಾಡಿದ್ರೆ ಪಾಪ ಸುತ್ಕೊಳ್ಳುತ್ತೆ, ಬು,” ಎಂದ ಜುಮ್ಹಾನಾ. ಅವನ ದನಿ ಯಾಕೋ ಸಣ್ಣಗಾಗಿತ್ತು.

“ಸಾಧ್ಯಾನೇ ಇಲ್ಲ,” ಎಂದ ಯುದಿಸ್ತಿರ. “ಕಂಬದ ತುದೀಲಿ ಹದಿನೆಂಟು ಅಂತ ಅಚ್ಚಿದೆ, ಅದು ಕವಲು ಹಾದಿಯ ಹಳಿ ನಮೂನೆ. ಗಂಟೆ ಮೇಲೆ ತೊಂಬತ್ತೆಂಟು ಅಂತಿದೆ, ಅದು ಬೇರೆ ನಮೂನೆ. ನಾಲ್ಕು ತಿಂಗಳು ಅಧ್ಯಯನ ಮಾಡಿದ್ದೀನಿ.”

“ನಾಲ್ಕು ನಿಮಿಷ ಜಾಸ್ತಿ ಮಾಡು. ಆ ಗಂಟೆ ಬಿಚ್ಕೊಂಡು ಬಾ.”

ಅವನು ತಂದ. ಸ್ಟೂಲ್ ಹತ್ತಿ, ತೊಲೆಯ ಪಕ್ಕ ಚಾಚಿದ್ದ ಕಂಬದ ತುದಿಗೆ ಗಂಟೆಯ ತುದಿ ಒತ್ತಿ ಹಿಡಿದ. ಹದಿನೆಂಟು ನೂರ ತೊಂಬತ್ತೆಂಟು: ಹಳಿ ತಯಾರಾದ ಇಸವಿ. ಗರಗಸದ ಓರೆ ಕೊಯ್ತ ಕೂಡ ಎರಡೂ ಕಡೆ ಸರಿಯಾಗಿ ಕೂತಿತು. ಅಂಗಡಿಯಲ್ಲಿದ್ದವರೆಲ್ಲ ಓದಿದರು. ಯುದಿಸ್ತಿರ ಮಾತ್ರ ಕೊಯ್ದ ಜಾಗವನ್ನು ಉಗುರಿನಿಂದ ಮತ್ತೆ ಮತ್ತೆ ಕೆರೆಯುತ್ತಿದ್ದ. ಹನ್ನೊಂದು ಸಾವಿರ ಜನರಿಗೆ ಏನು ಹೇಳುವುದು ಎಂಬ ಚಿಂತೆ ಪಾಪ ಅವನಿಗೆ.

ಅಧಿಕಾರಿ ಡಬ್ಬಿಯ ಮುಚ್ಚಳ ಹಾಕಿದ. “ಸರಿ, ಜಾಗ ನಿಮ್ದೇ ಇರ್ಲಿ. ಹಳಿ ಮಾತ್ರ ರೈಲ್ವೆ ಸ್ವತ್ತು, ವಾಪಸ್ ಕೊಡ್ಬೇಕು. ಅದಿರ್ಲಿ, ಇದನ್ನ ಒಬ್ರೇ ಹೊರೋಕಾಗಲ್ಲ. ಜೊತೆಗೆ ಯಾರಿದ್ರು?”

“ಬದುಕಿರೋರ ಮಾನ ಯಾಕೆ ಕಳೆಯೋದು ಬಿಡಿ, ಪಾಕ್,” ಎಂದಳು ಕೊಕೊಮ್.

ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಜುಮ್ಹಾನಾಗೆ ಉಸಿರು ಬಂದದ್ದೇ ತಡ, ಮುಖ್ಯಸ್ಥನ ಗತ್ತೂ ಬಂತು. “ಛೆ, ಹಾಜಿ ಹೀಗೆ ಮಾಡ್ತಾನೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ,” ಎಂದು ಎಲ್ಲರಿಗೂ ಕೇಳುವಂತೆ ತಲೆಯಾಡಿಸಿದ. “ಕದ್ದ ಮಾಲು ನಮ್ಮ ಓಣೀಲಿ ಒಂದು ದಿನಾನೂ ಇರಬಾರ್ದು. ಈಗ್ಲೇ ಕೀಳಿಸಿ, ಪಾಕ್.”

ಕೊಕೊಮ್ ಕೈಯನ್ನು ಉಟ್ಟ ಲುಂಗಿಯ ಅಂಚಿಗೆ ಒರೆಸಿಕೊಂಡು ಅಧಿಕಾರಿಯ ಕಡೆ ತಿರುಗಿದಳು.

“ಧಾರಾಳವಾಗಿ ತಗೊಂಡ್ಹೋಗಿ. ಮುಂದಿನ ತುದಿ ಯಾರಿಗಾದ್ರೂ ಕೊಡಿ, ನಮ್ಮೆಜಮಾನ್ರಂತೂ ಇಲ್ಲ. ಹಿಂದಿನ ತುದಿ ಮಾತ್ರ ಜುಮ್ಹಾನಾ ಅವ್ರ ಹೆಗಲಿಗೇ ಇಡಿ. ಅವ್ರಿಗೆ ಅಭ್ಯಾಸ ಇದೆ.”