ಕಂಪ್ಯೂಟರಿಗೆ ಏರಿದ ಕಡತ

"ಆ ಬೀರು ಬೇಡ," ಎಂದರು ಡಾಕ್ಟರ್ ಮಧ್ವರಾಜ.

ಪ್ರವೀಣ್ ತಲೆ ಎತ್ತಲಿಲ್ಲ. ಈ ಮಾತಿಗಾಗಿಯೇ ಆರು ದಿನ ಕಾದಿದ್ದ. ಮೈಲಾಪೂರಿನ ಈ ಹಳೆಯ ಕ್ಲಿನಿಕ್ಕಿನ ಕಾಗದಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸುವುದು ಅವನ ಕೆಲಸ. ಗಿಂಡಿಯಲ್ಲಿರುವ ತನ್ನ ಕಂಪನಿಯಲ್ಲಿ ಯಾರಿಗೂ ಬೇಡವಾಗಿದ್ದ ಈ ಸಣ್ಣ ಗಿರಾಕಿಯನ್ನು ಅವನೇ ಕೇಳಿ ಪಡೆದುಕೊಂಡಿದ್ದ.

"ಸತ್ತು ಹೋದವರ ಫೈಲಪ್ಪಾ ಅವು. ಕಂಪ್ಯೂಟರಿಗೆ ಹಾಕಿ ಏನ್ ಮಾಡ್ತೀ?"

"ರೂಲ್ಸ್ ಸಾರ್. ಎಲ್ಲ ಹಾಕ್ಲೇಬೇಕು," ಎಂದ ಪ್ರವೀಣ್. ಅಂಥ ನಿಯಮವೇನೂ ಇರಲಿಲ್ಲ.

ಹದಿನಾಲ್ಕು ವರ್ಷಗಳ ಹಿಂದೆ ಇದೇ ಕೋಣೆಯಲ್ಲಿ ಒಂದು ಪೆನ್ಸಿಲಿನ್ ಚುಚ್ಚುಮದ್ದು ಅವನ ಅಮ್ಮನನ್ನು ಅರ್ಧ ಗಂಟೆಯಲ್ಲಿ ಮುಗಿಸಿತ್ತು. ಸರಸಮ್ಮನಿಗೆ ಆ ಮದ್ದು ಆಗಿಬರುವುದಿಲ್ಲ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಆದರೆ ಅವತ್ತು ಏದುಸಿರಿನಲ್ಲಿ ಅವಳಿಗೆ ಮಾತೇ ಹೊರಡುತ್ತಿರಲಿಲ್ಲ. ಪ್ರವೀಣನಿಗೆ ಕಾಲೇಜಿನಲ್ಲಿ ಪರೀಕ್ಷೆ. ಕೌಂಟರಿನಲ್ಲಿ ಚೀಟಿ ಮಾಡಿಸುವ ಕೆಲಸ ಮುಗಿಸಿ, ಅಮ್ಮನನ್ನು ಬೆಂಚಿನ ಮೇಲೆ ಕೂರಿಸಿ ಓಡಿದ್ದ. ಸಂಜೆ ಬಂದಾಗ ಅವಳಿರಲಿಲ್ಲ.

ಹೋಟೆಲಿನಲ್ಲಿ ಅಡುಗೆಗಿದ್ದ ಅಪ್ಪ, ಜೊತೆಯವರನ್ನೆಲ್ಲ ಕರೆತಂದು ಈ ಬಾಗಿಲಲ್ಲಿ ಕೂಗಾಡಿದ್ದರು. ಫೈಲು ತೋರಿಸಿ ಎಂದರೆ ಡಾಕ್ಟರು ಒಮ್ಮೆ ಪ್ರವೀಣನ ಮುಖ ನೋಡಿ, ತಲೆ ತಗ್ಗಿಸಿ, "ಕಳೆದು ಹೋಗಿದೆ" ಎಂದಿದ್ದರು. ಬೀದಿಯವರು ಉಗಿದರು. ರೋಗಿಗಳು ಬರುವುದು ಬಿಟ್ಟರು. ಅಷ್ಟು ಸಾಲದು ಪ್ರವೀಣನಿಗೆ. ಅಪ್ಪ ಕಣ್ಣು ಮುಚ್ಚುವ ಮೊದಲು ಈ ಮನುಷ್ಯ ಕಟಕಟೆಯಲ್ಲಿ ನಿಲ್ಲಬೇಕಿತ್ತು.

ಅವನು ಬೀರು ತೆರೆದ. ತಳದಲ್ಲಿ ದಾರ ಸುತ್ತಿದ ಒಂದು ಕಡತ. ಮೇಲೆ ಅಮ್ಮನ ಹೆಸರು. ಸುಟ್ಟುಹಾಕುವ ಧೈರ್ಯವೂ ಇಲ್ಲದ ಹೇಡಿ ಎಂದುಕೊಂಡ.

"ನೀನು ಸರಸಮ್ಮನ ಮಗ ಅಂತ ಮೊದಲ್ನೇ ದಿನಾನೇ ತಿಳೀತು," ಎಂದರು ಮಧ್ವರಾಜ. "ವೇಂಡಾಂಪ್ಪಾ, ಬೇಡ. ಅದು ನನ್ನ ಮೇಲೇ ಇರ್ಲಿ, ಬಿಡು." ಎಪ್ಪತ್ತು ದಾಟಿದ ಮುದುಕರು ಕೈ ಮುಗಿದರು.

ಪ್ರವೀಣನ ಹೊಟ್ಟೆ ತಂಪಾಯಿತು. "ಅವತ್ತು ನಮ್ಮಪ್ಪನ ಎದ್ರು ಮುಗೀಲಿಲ್ಲ ಅಲ್ವಾ ಈ ಕೈ? ಈಗ ಎಂತಕ್ಕೆ?"

ಓದುತ್ತ ಕೂತರೆ ಮುದುಕ ಕಸಿದು ಹರಿದಾನು. ಮೊದಲು ಸ್ಕ್ಯಾನು, ಆಮೇಲೆ ಓದು. ಅಮ್ಮನ ಹೆಸರಿನ ಕಡತ ಸಿಕ್ಕರೆ ಅದರ ಪ್ರತಿ ಹಾಳೆ ತಕ್ಷಣ ವಕೀಲರಿಗೂ ತಂಗಿ ಪ್ರಣಮ್ಯಾಳಿಗೂ ಹೋಗುವಂತೆ ಬೆಳಿಗ್ಗೆಯೇ ವ್ಯವಸ್ಥೆ ಮಾಡಿಟ್ಟಿದ್ದ. ತಂಗಿ ಮನೆಯಲ್ಲಿ ಅಪ್ಪನ ಪಕ್ಕದಲ್ಲೇ ಕೂತಿದ್ದಳು, ಓದಿ ಹೇಳಲು. ಒಮ್ಮೆ ಹೋದದ್ದನ್ನು ಯಾರೂ ಹಿಂದಕ್ಕೆ ಪಡೆಯುವಂತಿಲ್ಲ. ಅಳಿಸಿದರೆ ಅಳಿಸಿದವರ ಹೆಸರೂ ಉಳಿಯುತ್ತದೆ. ಕಾಗದದ ಹಾಗೆ ಕಳೆದು ಹೋಗುವ ನಾಟಕ ಇದರಲ್ಲಿ ನಡೆಯದು. ಅದಕ್ಕೇ ಅವನಿಗೆ ಈ ಯಂತ್ರವೆಂದರೆ ಅಷ್ಟು ಪ್ರೀತಿ.

ಮೂರು ಹಾಳೆ. ಮೂರೂ ತಲುಪಿದವು. ಡಾಕ್ಟರು ಕುರ್ಚಿಯಲ್ಲಿ ಕುಸಿದು ಕಣ್ಣು ಮುಚ್ಚಿಕೊಂಡರು.

ಈಗ ನಿಧಾನವಾಗಿ ಓದಬಹುದು. ಮೊದಲ ಹಾಳೆ, ಹೊಸ ರೋಗಿಯ ವಿವರ ತುಂಬುವ ಫಾರಂ. ಒಗ್ಗದ ಔಷಧಿ ಯಾವುದಾದರೂ ಇದೆಯೇ ಎಂಬುದೂ ಸೇರಿ ಕೊನೆಯ ಐದು ಪ್ರಶ್ನೆಗಳಿಗೆ ಯಾರೋ ಅವಸರದಲ್ಲಿ ಒಂದೇ ಗೀಟೆಳೆದು, 'ಇಲ್ಲ' ಎಂದು ಬರೆದಿದ್ದರು. ಪ್ರವೀಣ್ ಕೆಳಗಿನ ಸಹಿ ನೋಡಿದ.

ಸಹಿ ಅವನದೇ ಆಗಿತ್ತು, ಅಪ್ಪನ ಫೋನ್ ಆಗಲೇ ಬರತೊಡಗಿತ್ತು.